ಮೊದಲ ಸರದಿಯ ರೈಸ್: ಎಷ್ಟು, ಯಾವ ಎಲೆಗಳಿಗೆ?

ಪ್ರಶ್ನೆ: ಒಂಬತ್ತು ಜನ ಕೂರುವ, ಕಡಿಮೆ ಪಣದ ನೋ-ಲಿಮಿಟ್ ಹೋಲ್ಡೆಮ್ (ಏರಿಸುವ ಪಣಕ್ಕೆ ಮಿತಿಯಿಲ್ಲದ, ಕೈಯಲ್ಲಿ ಎರಡೆಲೆ ಹಿಡಿದು ಆಡುವ ಪೋಕರ್) ಮೇಜಿನಲ್ಲಿ ಆಡುತ್ತೇನೆ. ಬಿಗ್ ಬ್ಲೈಂಡ್‌ನ (ಎಲೆ ನೋಡುವ ಮೊದಲೇ ಕಟ್ಟುವ ಎರಡು ಕಡ್ಡಾಯ ಪಣಗಳಲ್ಲಿ ದೊಡ್ಡದು) ಎಡಪಕ್ಕದ, ಮೊದಲು ಆಡುವ ಸ್ಥಾನದಿಂದ ಅದರ 3 ಪಟ್ಟು ರೈಸ್ ಮಾಡಿದರೂ (ಪಣ ಏರಿಸಿದರೂ) ನಾಲ್ವರು ಕಾಲ್ ಮಾಡುತ್ತಾರೆ (ಅಷ್ಟೇ ಪಣ ಕಟ್ಟಿ ಉಳಿಯುತ್ತಾರೆ), ಒಳ್ಳೆಯ ಎಲೆಗಳೂ ಸೋಲುತ್ತವೆ. ರೈಸ್ ಮಾಡುವುದನ್ನೇ ಬಿಡಬೇಕೆ?

ಉತ್ತರ: ಬಿಡಬೇಡಿ. ಮೊತ್ತವನ್ನು ಹೆಚ್ಚಿಸಿ, ಎಲೆಗಳ ಆಯ್ಕೆಯನ್ನು ಬಿಗಿಗೊಳಿಸಿ. ಇವೆರಡೂ ಒಟ್ಟಿಗೆ ಆಗಬೇಕು. 3 ಪಟ್ಟು ಎಂಬ ಅಳತೆಯು, ನಿಮ್ಮ ನಂತರ ಆಡುವವರು ದುರ್ಬಲ ಎಲೆಗಳನ್ನು ಎಸೆಯುತ್ತಾರೆಂಬ ನಂಬಿಕೆಯ ಮೇಲೆ ನಿಂತದ್ದು. ನಿಮ್ಮ ಮೇಜಿನಲ್ಲಿ ಆ ನಂಬಿಕೆಗೆ ಆಧಾರವಿಲ್ಲ. ಎರಡು ಎಕ್ಕಗಳು ಒಬ್ಬ ಎದುರಾಳಿಯ ಯಾವುದೇ ಎಲೆಗಳೆದುರು ಸರಾಸರಿ ಸುಮಾರು ಶೇ. 85ರಷ್ಟು ಗೆಲ್ಲುತ್ತವೆ, ಎದುರಾಳಿಗಳು ನಾಲ್ವರಾದರೆ ಅದು ಶೇ. 56ರ ಆಸುಪಾಸಿಗೆ ಇಳಿಯುತ್ತದೆ. ಆಗಲೂ ಅದು ಲಾಭದ ಎಲೆಯೇ, ಆದರೆ ಆಗಾಗ ಸೋಲುವುದು ಸಹಜ ಎಂಬುದನ್ನು ಒಪ್ಪಿಕೊಳ್ಳಬೇಕು.

5 ಅಥವಾ 6 ಪಟ್ಟು ರೈಸ್ ಮಾಡಿ ನೋಡಿ. ಎಲ್ಲರನ್ನೂ ಓಡಿಸುವುದು ಇದರ ಉದ್ದೇಶವಲ್ಲ. ಕೆಳಮಟ್ಟದ ಎಲೆ ಹಿಡಿದ ಒಬ್ಬಿಬ್ಬರು ಹೆಚ್ಚು ಬೆಲೆ ತೆತ್ತು ಉಳಿದುಕೊಳ್ಳಬೇಕು, ಅಷ್ಟೆ. ಪ್ರತಿಯೊಬ್ಬರ ಬಳಿ 100 ಬಿಗ್ ಬ್ಲೈಂಡ್ ಇದ್ದು, ನಿಮ್ಮ 6 ಪಟ್ಟು ರೈಸ್‌ಗೆ ಬ್ಲೈಂಡ್‌ಗಳ ಹೊರಗಿನ ಇಬ್ಬರು ಕಾಲ್ ಮಾಡಿದರೆ, ಬ್ಲೈಂಡ್‌ಗಳ 1.5 ಸೇರಿ ಪಾಟ್ (ಮೇಜಿನ ಮಧ್ಯದ ಒಟ್ಟು ಪಣ) 19.5 ಬಿಗ್ ಬ್ಲೈಂಡ್‌ಗೆ ಏರುತ್ತದೆ, ನಿಮ್ಮ ಬಳಿ 94 ಉಳಿಯುತ್ತದೆ. ಫ್ಲಾಪ್‌ನಲ್ಲಿ (ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ ತೆರೆದಾಗ) ದೊಡ್ಡ ಜೋಡಿ ಹಿಡಿದು ನೇರವಾಗಿ ಬೆಟ್ ಮಾಡುತ್ತ ಹೋಗಲು ಇದು ಅನುಕೂಲಕರ ಪ್ರಮಾಣ. ಆದರೆ ಎಲೆಯ ಬಲಕ್ಕೆ ತಕ್ಕಂತೆ ಮೊತ್ತವನ್ನು ಬದಲಿಸಬೇಡಿ, ಗಮನವಿಟ್ಟು ನೋಡುವ ಒಬ್ಬರಾದರೂ ಮೇಜಿನಲ್ಲಿರುತ್ತಾರೆ.

ಮೊತ್ತ ಹೆಚ್ಚಾದ ಮೇಲೆ ಆಯ್ಕೆಯಲ್ಲಿನ ತಪ್ಪು ದುಬಾರಿಯಾಗುತ್ತದೆ. ನಿಮ್ಮ ನಂತರ ಎಂಟು ಜನ ಆಡಬೇಕಿದ್ದು, ಅವರಲ್ಲಿ ಒಬ್ಬರ ಕೈಯಲ್ಲಾದರೂ ರಾಣಿ ಜೋಡಿ ಅಥವಾ ಅದಕ್ಕಿಂತ ಮೇಲಿನ ಜೋಡಿ, ಇಲ್ಲವೇ ಎಕ್ಕ-ರಾಜ ಇರುವ ಸಂಭವ ಐದರಲ್ಲಿ ಒಂದಕ್ಕೆ ಹತ್ತಿರ. ಆದ್ದರಿಂದ ಆಫ್‌ಸೂಟ್ (ಬೇರೆ ಬೇರೆ ಜಾತಿಯ) ಎಕ್ಕ-ಗುಲಾಮ ಮತ್ತು ರಾಜ-ರಾಣಿಗಳನ್ನು ಈ ಸ್ಥಾನದಲ್ಲಿ ಎಸೆಯುವುದೇ ಮೇಲು. ಅವು ಜೋಡಿ ಕೂಡಿಸಿಕೊಂಡಾಗಲೂ ಅದೇ ದೊಡ್ಡ ಎಲೆಯ ಜೊತೆಗೆ ಇನ್ನೂ ದೊಡ್ಡ ಎಲೆಯಿರುವವರ ಕೈಗೆ ಸಿಕ್ಕಿ ದೊಡ್ಡ ಪಾಟ್ ಕಳೆದುಕೊಳ್ಳುತ್ತವೆ. ಏಳರ ಜೋಡಿಯಿಂದ ಮೇಲಿನ ಜೋಡಿಗಳು, ಎಕ್ಕ-ರಾಜ, ಎಕ್ಕ-ರಾಣಿ, ಸೂಟೆಡ್ (ಒಂದೇ ಜಾತಿಯ) ಆಗಿದ್ದರೆ ಮಾತ್ರ ಎಕ್ಕ-ಗುಲಾಮ, ಎಕ್ಕ-ಹತ್ತು ಮತ್ತು ರಾಜ-ರಾಣಿ: ಇವಿಷ್ಟೇ ಎರಡೆಲೆಗಳ ಒಟ್ಟು 1326 ಸಂಯೋಜನೆಗಳಲ್ಲಿ 92, ಅಂದರೆ ಸುಮಾರು ಶೇ. 7. ಕಡಿಮೆಯೆನಿಸಬಹುದು, ಆದರೆ ಈ ಸ್ಥಾನಕ್ಕೆ ಇದು ಸಾಕು ಎಂಬುದು ನನ್ನ ದೃಢ ಅಭಿಪ್ರಾಯ.

ಸಣ್ಣ ಜೋಡಿಗಳ ವಿಷಯ ಬೇರೆ. ಅವು ಫ್ಲಾಪ್‌ನಲ್ಲಿ ಸೆಟ್ ಆಗುವುದು (ಅದೇ ಬೆಲೆಯ ಮೂರನೇ ಎಲೆ ಕೂಡುವುದು) ಸುಮಾರು 8.5 ಸಲಕ್ಕೆ ಒಮ್ಮೆ. ನಿಮ್ಮ ನಂತರ ಆಡುವವರು ವಿರಳವಾಗಿ ರೈಸ್ ಮಾಡುವ ಮೇಜಿನಲ್ಲಿ, ಎಲ್ಲರ ಬಳಿ ಸಾಕಷ್ಟು ಚಿಪ್ಸ್ ಇದ್ದರೆ, ಬರೀ ಬಿಗ್ ಬ್ಲೈಂಡ್‌ನಷ್ಟು ಹಾಕಿ ಒಳಬರುವುದು ತಪ್ಪಲ್ಲ, ಇಲ್ಲವಾದರೆ ಎಸೆಯಿರಿ.

ಫ್ಲಾಪ್‌ನಲ್ಲಿ ಏನೂ ಕೂಡದೆ ಮೂವರು ಎದುರಿದ್ದಾಗ ಅಭ್ಯಾಸಬಲದಿಂದ ಬೆಟ್ ಮಾಡಬೇಡಿ, ಏಕೆಂದರೆ ಅವರಲ್ಲಿ ಒಬ್ಬರಿಗಾದರೂ ಏನಾದರೂ ಕೂಡಿರುವ ಸಂಭವ ಹೆಚ್ಚು. ಸದಾ ಕಾಲ್ ಮಾಡುತ್ತ ಬಂದವರು ನಿಮ್ಮ ಮೊದಲ ಸ್ಥಾನದ ರೈಸ್‌ನ ಮೇಲೆ ಮತ್ತೆ ರೈಸ್ ಮಾಡಿದರೆ, ಎಕ್ಕ-ರಾಣಿಯನ್ನು ಹಿಂಜರಿಯದೆ ಎಸೆಯಿರಿ.