ಅಂಗಾಂಶಕ್ಕೆ ಲೇಸರ್ ಬಿಟ್ಟರೆ ಸುಟ್ಟುಹೋಗಲ್ವಾ?

ಹಿಂದಿನ ಸಂಚಿಕೆಯಲ್ಲಿ ಲೇಸರ್ ಮೈಕ್ರೋಸ್ಕೋಪ್ ಬಗ್ಗೆ ಎರಡೇ ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲ ಪೂರ್ತಿ ಜಾಗ ಅದಕ್ಕೇ.

ಮಗಳು ಪುಣೆಯಲ್ಲಿ ಎಂಎಸ್ಸಿ ಮುಗಿಸಿ ಅಲ್ಲೇ ಒಂದು ಲ್ಯಾಬಿಗೆ ಸೇರಿದ್ದಾಳೆ. ದಿನಾ ಇಲಿಯ ಮಿದುಳಿನ ಚೂರಿಗೆ ಲೇಸರ್ ಬಿಟ್ಟು ನೋಡುತ್ತಾಳಂತೆ. ಲೇಸರ್ ಅಂದರೆ ಕಬ್ಬಿಣ ಕತ್ತರಿಸೋದು ಅಂತ ನಮಗೆ ಗೊತ್ತು. ಆ ಚೂರು ಸುಟ್ಟುಹೋಗಲ್ವಾ ಮೇಡಂ? ಅವಳ ಕಣ್ಣಿಗೆ ಏನೂ ಆಗಲ್ವಾ? — ಒಬ್ಬ ತಾಯಿ, ಡೊಂಬಿವಿಲಿ

ಮೊದಲು ಕಣ್ಣಿನ ಮಾತು, ನಿಮಗೆ ಅದೇ ಮುಖ್ಯ. ಇಂಥ ಮೈಕ್ರೋಸ್ಕೋಪಿನಲ್ಲಿ ಲೇಸರ್ ಉರಿಯುವಾಗ ಕಣ್ಣಿಟ್ಟು ನೋಡುವ ದಾರಿ ಮುಚ್ಚಿಕೊಳ್ಳುತ್ತದೆ. ಚಿತ್ರ ಮೂಡುವುದು ಕಂಪ್ಯೂಟರ್ ಪರದೆಯ ಮೇಲೆ. ಅಪಾಯ ಇರುವುದು ಯಂತ್ರದ ಮುಚ್ಚಳ ತೆಗೆದು ಕನ್ನಡಿಗಳನ್ನು ಸರಿಮಾಡುವಾಗ. ಆಗ ಆ ಲೇಸರಿಗೆ ತಕ್ಕ ಕನ್ನಡಕ ಬೇಕೇ ಬೇಕು. ಬಳೆ, ಉಂಗುರ, ವಾಚ್ ತೆಗೆದಿಡಬೇಕು, ಯಾಕಂದರೆ ಅವುಗಳಿಗೆ ತಾಗಿದ ಕಿರಣ ಎತ್ತ ಚಿಮ್ಮುತ್ತದೋ ಹೇಳಲಾಗದು. ಬಗ್ಗಿ ಕಿರಣದ ಮಟ್ಟಕ್ಕೆ ಕಣ್ಣು ತರಬಾರದು. ಇದೆಲ್ಲ ಅಲ್ಲಿ ಹೇಳಿಕೊಟ್ಟಿದ್ದಾರಾ ಅಂತ ಮಗಳನ್ನು ಕೇಳಿ. ಕೇಳೋದರಲ್ಲಿ ತಪ್ಪೇನಿಲ್ಲ.

ಇನ್ನು ಸುಡುವ ಮಾತು. ಲೇಸರ್ ಬೇಕಾಗಿರುವುದು ಬೆಳಕು ಜೋರಾಗಿರಲಿ ಅಂತ ಅಲ್ಲ. ಬೇಕಾದ ಬಣ್ಣದ ಬೆಳಕನ್ನು ಬೇಕಾದ ಜಾಗದಲ್ಲಿ, ಬೇಕಾದಷ್ಟು ಹೊತ್ತು ಮಾತ್ರ ಇಡೋದಕ್ಕೆ. ಹೆಚ್ಚು ಬೆಳಕು ಅಂಗಾಂಶಕ್ಕೆ ಒಳ್ಳೆಯದಲ್ಲ ಅನ್ನೋದು ಈ ಕೆಲಸ ಮಾಡುವ ಎಲ್ಲರಿಗೂ ಗೊತ್ತು.

ಬ್ಯಾಂಕಿನಲ್ಲಿ ನೋಟನ್ನು ನೇರಳೆ ದೀಪದ ಕೆಳಗೆ ಹಿಡಿದಾಗ ಅದರ ನಂಬರು ಹೊಳೆಯುವುದನ್ನು ನೋಡಿದ್ದೀರಲ್ಲ, ಹಾಗೆ ಹೊಳೆಯುವ ಬಣ್ಣವನ್ನು ಅಂಗಾಂಶದ ಒಂದು ಭಾಗಕ್ಕೆ ಮಾತ್ರ ಅಂಟಿಸುತ್ತಾರೆ. ಹಸಿರಾಗಿ ಹೊಳೆಯುವ ಬಣ್ಣಕ್ಕೆ ಹೆಚ್ಚಾಗಿ ಬಳಸುವುದು 488 ನ್ಯಾನೋಮೀಟರ್ ಅಲೆಯುದ್ದದ ನೀಲಿ ಲೇಸರ್. ಅದನ್ನು ಒಂದು ಚುಕ್ಕೆಯಾಗಿಸಿ, ಹೊಲ ಉಳುವ ಹಾಗೆ ಸಾಲು ಸಾಲಾಗಿ ಓಡಿಸುತ್ತಾರೆ. ಒಂದೊಂದು ಜಾಗದಲ್ಲಿ ಅದು ನಿಲ್ಲುವುದು ಸೆಕೆಂಡಿನ 10 ಲಕ್ಷದಲ್ಲಿ ಕೆಲವೇ ಪಾಲು. ವಾಪಸು ಬರುವ ಬೆಳಕಿನ ದಾರಿಯಲ್ಲಿ ಸೂಜಿಮೊನೆಯಷ್ಟು ತೂತಿರುವ ಒಂದು ತಡೆ ಇರುತ್ತದೆ. ಸರಿಯಾದ ಆಳದಿಂದ ಬಂದ ಬೆಳಕು ಮಾತ್ರ ಆ ತೂತಿನಲ್ಲಿ ನುಸುಳುತ್ತದೆ, ಮೇಲಿನ ಕೆಳಗಿನ ಪದರಗಳ ಮಸುಕು ಹೊರಗೇ ಉಳಿಯುತ್ತದೆ. ಹೀಗಾಗಿ ಚೂರನ್ನು ಕತ್ತರಿಸದೆಯೇ ಅದರ ಒಳಗಿನ ಒಂದು ಪದರ ಕಾಣುತ್ತದೆ. ಇದರ ಹೆಸರು ಕಾನ್‌ಫೋಕಲ್. ಮಾರ್ವಿನ್ ಮಿನ್ಸ್ಕಿ ಇದನ್ನು ಕಟ್ಟಿದ್ದು 1955ರಲ್ಲಿ, ಆಗ ಲೇಸರ್ ಹುಟ್ಟೇ ಇರಲಿಲ್ಲ! ಥಿಯೋಡೋರ್ ಮೈಮನ್ ಮೊದಲ ಲೇಸರ್ ಉರಿಸಿದ್ದು 1960ರಲ್ಲಿ. ಮಿನ್ಸ್ಕಿ ಬಳಸಿದ್ದು ಆರ್ಕ್ ದೀಪ. ದೀಪದ ಬೆಳಕು ನಾಲ್ಕೂ ಕಡೆ ಹರಡುತ್ತದೆ, ಅದನ್ನು ಅಷ್ಟು ಸಣ್ಣ ಚುಕ್ಕೆಗೆ ತರುವಷ್ಟರಲ್ಲಿ ಉಳಿಯುವುದು ಬಹಳ ಕಡಿಮೆ. ಲೇಸರ್ ಸಿಕ್ಕ ಮೇಲೆ, 1980ರ ದಶಕದಲ್ಲಿ, ಈ ಯಂತ್ರ ಲ್ಯಾಬುಗಳಿಗೆ ಬಂತು.

ಚೂರು ಸುಡುವುದಿಲ್ಲ, ಆದರೆ ಬಣ್ಣ ಸೋಲುತ್ತದೆ. ಬಿಸಿಲಿಗೆ ಒಣಹಾಕಿದ ಸೀರೆ ಮಾಸುತ್ತದಲ್ಲ, ಅದೇ ರೀತಿ. ಒಮ್ಮೆ ನಾನು ಲೇಸರ್ ಓಡುತ್ತಿರುವಾಗಲೇ ಫೋನ್ ಬಂತೆಂದು ಎದ್ದುಹೋದೆ. ತಿರುಗಿ ಬಂದು ನೋಡಿದರೆ ಪರದೆಯ ಮೇಲೆ ಒಂದು ಕಪ್ಪು ಚೌಕ. ಮೂರು ದಿನ ಕೂತು ಬಣ್ಣ ಹಚ್ಚಿದ ಸ್ಲೈಡ್ ಅದು. ಆ ಚೌಕ ಈಗಲೂ ಕಣ್ಣ ಮುಂದಿದೆ. ಜೀವಂತ ಕೋಶವಾದರೆ ಬಣ್ಣ ಮಾತ್ರವಲ್ಲ, ಕೋಶಕ್ಕೂ ಪೆಟ್ಟಾಗುತ್ತದೆ, ಸತ್ತೂ ಹೋಗಬಹುದು.

ಹಾಗಾದರೆ ಇನ್ನೂ ಆಳಕ್ಕೆ ನೋಡಬೇಕಾದರೆ ಲೇಸರ್ ಜೋರು ಮಾಡಿದರೆ ಸಾಕಲ್ವಾ? — ವಿದ್ಯಾರ್ಥಿ, ಚಿಂಚವಡ

ಸಾಕಾಗಲ್ಲ. ಮಳೆಗಾಲದಲ್ಲಿ ಖಂಡಾಲಾ ಘಾಟಿನ ಮಂಜಿನಲ್ಲಿ ಹೈಬೀಮ್ ಹಾಕಿದರೆ ಏನಾಗುತ್ತದೆ? ಎದುರಿಗೆ ಬಿಳಿ ಗೋಡೆ. ಅಂಗಾಂಶವೂ ಅಂಥದ್ದೇ. ಇವತ್ತು ರಾತ್ರಿ ದೀಪ ಆರಿಸಿ ಮೊಬೈಲ್ ಟಾರ್ಚಿನ ಮೇಲೆ ಬೆರಳಿಡಿ. ಬೆರಳು ಕೆಂಪಾಗಿ ಬೆಳಗುತ್ತದೆ. ಆದರೆ ಒಳಗಿನ ಮೂಳೆಯ ನೆರಳು ಕಾಣುವುದಿಲ್ಲ. ಎರಡೂ ಪಾಠವೇ. ನೀಲಿ, ಹಸಿರನ್ನು ರಕ್ತ ಹೀರಿಕೊಳ್ಳುತ್ತದೆ, ಕೆಂಪು ದಾಟುತ್ತದೆ. ಆದರೆ ದಾಟುವಾಗ ಅದೂ ದಿಕ್ಕು ತಪ್ಪಿ ಚದುರುತ್ತದೆ, ಅದಕ್ಕೇ ಮೂಳೆ ಕಾಣದು.

ಇದಕ್ಕೆ ಸಿಕ್ಕ ಉಪಾಯ ನನಗೆ ಇಡೀ ವಿಷಯದಲ್ಲೇ ತುಂಬಾ ಇಷ್ಟ. ಒಬ್ಬರಿಂದ ಎತ್ತಲಾಗದ ಟ್ರಂಕನ್ನು ಇಬ್ಬರು ಒಂದೇ ಸಲ ಕೈಹಾಕಿ ಎತ್ತುತ್ತಾರೆ. ಒಬ್ಬರು ಈಗ, ಇನ್ನೊಬ್ಬರು ಆಮೇಲೆ ಬಂದರೆ ಟ್ರಂಕು ಅಲ್ಲಾಡದು. ಹಾಗೇ, ನೀಲಿ ಬೆಳಕಿನ ಒಂದು ಕಣ ಮಾಡುವ ಕೆಲಸವನ್ನು ಅರ್ಧ ಶಕ್ತಿಯ ಎರಡು ಕಣಗಳು ಒಟ್ಟಿಗೇ ಬಂದು ಮಾಡಬಹುದು ಅಂತ ಮರಿಯಾ ಗೋಪರ್ಟ್ ಮೇಯರ್ 1931ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಅದು ಅವರ ಡಾಕ್ಟರೇಟ್ ಪ್ರಬಂಧ. ಅರ್ಧ ಶಕ್ತಿಯ ಕಣ ಅಂದರೆ ಕೆಂಪಿಗೂ ಆಚೆಯ ಬೆಳಕು, ಬೆರಳಿನ ಕೆಂಪಿನ ಹಾಗೆ ಅದು ಅಂಗಾಂಶವನ್ನು ದಾಟುತ್ತದೆ. ಮೈಕ್ರೋಸ್ಕೋಪಿಗೆ ಅದನ್ನು ತಂದದ್ದು 1990ರಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದ ಡೆಂಕ್, ಸ್ಟ್ರಿಕ್ಲರ್ ಮತ್ತು ವೆಬ್. ಎರಡು ಕಣ ಒಂದೇ ಕ್ಷಣ ಒಂದೇ ಅಣುವಿಗೆ ಸಿಗಬೇಕಾದರೆ ಬೆಳಕು ತುಂಬಾ ದಟ್ಟವಾಗಿರಬೇಕು, ಅಷ್ಟು ದಟ್ಟಣೆ ಇರುವುದು ಲೆನ್ಸು ಕಿರಣವನ್ನು ಒಟ್ಟು ಸೇರಿಸುವ ಆ ಒಂದೇ ಚುಕ್ಕೆಯಲ್ಲಿ. ಉಳಿದ ಕಡೆ ಬಣ್ಣ ಹೊಳೆಯುವುದೇ ಇಲ್ಲ. ಆದ್ದರಿಂದ ಹೊರಬರುವ ಬೆಳಕು ಎಷ್ಟೇ ಚದುರಿದರೂ ಪರವಾಗಿಲ್ಲ, ಎಲ್ಲಿಂದ ಬಂತು ಅಂತ ನಮಗೆ ಮೊದಲೇ ಗೊತ್ತಿರುತ್ತದೆ. ಸೂಜಿತೂತೂ ಬೇಡ. ಇಲಿಯ ಮಿದುಳಿನಲ್ಲಿ ಅರ್ಧ ಮಿಲಿಮೀಟರಿಗಿಂತ ಆಳಕ್ಕೂ ಹೀಗೆ ನೋಡುತ್ತಾರೆ.

ಅಷ್ಟು ದಟ್ಟಣೆಗೆ ಸುಡಬೇಕಿತ್ತಲ್ಲ? ಇಲ್ಲ, ಯಾಕಂದರೆ ಲೇಸರ್ ಸದಾ ಉರಿಯುವುದಿಲ್ಲ, ಮಿಡಿಯುತ್ತದೆ. ದಾದರಿನಲ್ಲಿ ಗಾಡಿ ಬಂದ ಕ್ಷಣ ಜನ ಒಮ್ಮೆಲೇ ನುಗ್ಗಿ, ಆಮೇಲೆ ಪ್ಲಾಟ್‌ಫಾರ್ಮ್ ಖಾಲಿಯಾಗುವ ಹಾಗೆ. ಸೆಕೆಂಡಿಗೆ ಸುಮಾರು 8 ಕೋಟಿ ಮಿಡಿತ, ಒಂದೊಂದೂ ಸುಮಾರು 100 ಫೆಮ್ಟೋಸೆಕೆಂಡ್, ಅಂದರೆ ಸೆಕೆಂಡಿನ 10 ಲಕ್ಷ ಕೋಟಿಯಲ್ಲಿ ಒಂದು ಪಾಲು. ಗುಣಿಸಿ ನೋಡಿ, ಒಂದು ಸೆಕೆಂಡಿನಲ್ಲಿ ಲೇಸರ್ ನಿಜವಾಗಿ ಉರಿಯುವುದು ಒಟ್ಟು 8 ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿನ 10 ಲಕ್ಷದಲ್ಲಿ 8 ಪಾಲು ಮಾತ್ರ.

ಅಮ್ಮನ ಗಂಟಿನ ಬಯಾಪ್ಸಿಯನ್ನು ಇಲ್ಲಿ ಸಾದಾ ಮೈಕ್ರೋಸ್ಕೋಪಿನಲ್ಲಿ ನೋಡಿ ರಿಪೋರ್ಟ್ ಕೊಟ್ಟರು. ಮುಂಬಯಿಗೆ ಕಳಿಸಿ ಲೇಸರಿನಲ್ಲಿ ನೋಡಿಸಬೇಕಿತ್ತಾ? — ವಾಸ್ಕೊ

ಆ ಕೊರಗು ಬೇಡ. ಬಯಾಪ್ಸಿ ನೋಡುವ ರೀತಿ ದೊಡ್ಡ ಆಸ್ಪತ್ರೆಯಲ್ಲೂ ಅದೇ. ಚೂರನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಕೂರಿಸಿ, 4-5 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 4-5 ಪಾಲು) ತೆಳುವಾಗಿ ಕತ್ತರಿಸಿ, ನೀಲಿ ಗುಲಾಬಿ ಬಣ್ಣ ಹಚ್ಚುತ್ತಾರೆ. ಅಷ್ಟು ತೆಳುವಾದ ಮೇಲೆ ಸಾದಾ ದೀಪವೇ ಸಾಕು. ನೋಡುವ ಡಾಕ್ಟರ ಅನುಭವ ಮುಖ್ಯ. ರಿಪೋರ್ಟಿನ ಬಗ್ಗೆ ಅನುಮಾನವಿದ್ದರೆ ಆ ಸ್ಲೈಡು ಮತ್ತು ಮೇಣದ ಬ್ಲಾಕು ಕೇಳಿ ಪಡೆದು ಬೇರೆ ಪೆಥಾಲಜಿಸ್ಟ್‌ಗೆ ತೋರಿಸಿ. ಅಮ್ಮ ಬೇಗ ಹುಷಾರಾಗಲಿ.

ಕಾಲೇಜಿನ ಮೈಕ್ರೋಸ್ಕೋಪಿಗೆ ದೀಪದ ಬದಲು ಲೇಸರ್ ಪಾಯಿಂಟರ್ ಇಟ್ಟೆವು. ಈರುಳ್ಳಿ ಸಿಪ್ಪೆಯ ಮೇಲೆಲ್ಲಾ ರವೆ ಚೆಲ್ಲಿದ ಹಾಗೆ ಕಂಡಿತು. ಯಾಕೆ? — ಠಾಣೆ

ದಯವಿಟ್ಟು ಇನ್ನೊಮ್ಮೆ ಹೀಗೆ ಕಣ್ಣಿಟ್ಟು ನೋಡಬೇಡಿ! ಲೆನ್ಸುಗಳ ಮೂಲಕ ಲೇಸರ್ ನೇರ ಕಣ್ಣಿನ ಒಳಪದರಕ್ಕೆ ಬೀಳುತ್ತದೆ. ಫೋನ್ ಕ್ಯಾಮೆರಾ ಇಟ್ಟು ನೋಡಿ. ಆ ರವೆಯ ಹೆಸರು ಸ್ಪೆಕಲ್. ಲೇಸರಿನ ಅಲೆಗಳು ಒಂದಕ್ಕೊಂದು ಹೆಜ್ಜೆ ಹೊಂದಿಸಿ ಬರುತ್ತವೆ. ಒರಟು ಜಾಗದಲ್ಲಿ ಚದುರಿ ಮತ್ತೆ ಸೇರುವಾಗ ಕೆಲವು ಕಡೆ ಕೂಡಿ ಬೆಳಕಾಗುತ್ತವೆ, ಕೆಲವು ಕಡೆ ಕಳೆದು ಕತ್ತಲಾಗುತ್ತವೆ. ದಾರಿಯಲ್ಲಿ ಉಜ್ಜಿದ ಗಾಜಿನ ಬಿಲ್ಲೆಯೊಂದನ್ನು ಮೋಟಾರಿನಿಂದ ತಿರುಗಿಸಿದರೆ ರವೆಯ ಕಾಳುಗಳು ಕ್ಷಣಕ್ಷಣಕ್ಕೂ ಜಾಗ ಬದಲಿಸಿ ಕ್ಯಾಮೆರಾಗೆ ಸಮನಾದ ಬೆಳಕಾಗಿ ಕಾಣುತ್ತವೆ. ಹಳೇ ಕಂಪ್ಯೂಟರ್ ಫ್ಯಾನಿನಲ್ಲೇ ಮಾಡಿನೋಡಬಹುದು.

ಜೀವಂತ ಮೀನಿನ ಮರಿಯನ್ನು ಗಂಟೆಗಟ್ಟಲೆ ಹೀಗೆ ನೋಡಲು ಆಗುತ್ತದಾ? — ಶಿಕ್ಷಕಿ, ಮಡಗಾಂವ್

ಆಗುತ್ತದೆ. ಊರಿನ ಹೆಂಚಿನ ಮನೆಯಲ್ಲಿ ಸಂದಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಧೂಳು ಕುಣಿಯುವುದನ್ನು ನೋಡಿದ್ದೀರಲ್ಲ? ಬೆಳಕು ಒಂದು ಕಡೆಯಿಂದ, ನಾವು ನೋಡುವುದು ಪಕ್ಕದಿಂದ. 1903ರಲ್ಲಿ ಸೀಡೆಂಟಾಫ್ ಮತ್ತು ಜಿಗ್ಮಾಂಡಿ ಹೀಗೆ ಪಕ್ಕದಿಂದ ಬೆಳಕು ಬಿಟ್ಟು ಗಾಜಿನೊಳಗಿನ ಚಿನ್ನದ ಕಣಗಳನ್ನು ನೋಡಿದರು. 2004ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ವಿಜ್ಞಾನಿಗಳು ಲೇಸರನ್ನು ತೆಳುವಾದ ಹಾಳೆಯಾಗಿ ಹರಡಿ ಮೆಡಕಾ ಮೀನಿನ ಭ್ರೂಣದೊಳಗೆ ಹಾಯಿಸಿದರು. ನೋಡುತ್ತಿರುವ ಪದರಕ್ಕೆ ಮಾತ್ರ ಬೆಳಕು, ಉಳಿದ ಮೈಯೆಲ್ಲ ಕತ್ತಲಲ್ಲೇ ಇರುತ್ತದೆ. ಹಾಗಾಗಿ ಮೀನಿನ ಮರಿ ಬೆಳೆಯುತ್ತಲೇ ಇರುತ್ತದೆ, ಅದರ ಹೃದಯ ಬಡಿಯುವುದನ್ನು ಪರದೆಯ ಮೇಲೆ ನೋಡುತ್ತಾ ಕೂರಬಹುದು.