ಕಳ್ಳನಾಗಿ ಅಡಗಿ ಆಡುವ ಥೀಫ್ ಎಂಬ ಕಂಪ್ಯೂಟರ್ ಆಟಕ್ಕೆ ಬೇಕಲ ಕೋಟೆಯ ಫ್ಯಾನ್ ಮಿಷನ್, ಅಂದರೆ ಅಭಿಮಾನಿಗಳು ತಾವೇ ಕಟ್ಟುವ ಹಂತ, ಮಾಡಬೇಕೆಂದಿದ್ದೇನೆ. ಥೀಫ್‌ನ ಹಂತ ಕಟ್ಟುವ ಉಪಕರಣವಾದ ಡ್ರೊಮ್‌ಎಡ್ ಕಲಿಯಲೇ, ಥೀಫ್ ಮಾದರಿಯಲ್ಲಿ ಅಭಿಮಾನಿಗಳೇ ಮಾಡಿದ ಡಾರ್ಕ್ ಮಾಡ್ ಆಟವನ್ನು ಹಿಡಿಯಲೇ?

ಬೇಕಲ ಎಂದು ಓದಿದೊಡನೆ ನನಗೆ 2007 ನೆನಪಾಯಿತು, ಏಕೆಂದರೆ ನಾನೂ ಆ ಕೋಟೆಯಿಂದಲೇ ಆರಂಭಿಸಿದ್ದೆ. ಸುಮಾರು 40 ಎಕರೆಯ ತೆರೆದ ಬಯಲಿನಲ್ಲಿ ಕಳ್ಳನಿಗೆ ಅಡಗಲು ಮೂಲೆಯೇ ಸಿಗಲಿಲ್ಲ. ಒಂದೇ ನೋಟಕ್ಕೆ 1024ಕ್ಕಿಂತ ಹೆಚ್ಚು ಪಾಲಿಗಾನ್ (ದೃಶ್ಯವನ್ನು ಕಟ್ಟುವ ಚಪ್ಪಟೆ ತುಂಡುಗಳು) ಬಿದ್ದರೆ ಆಟವನ್ನು ನಡೆಸುವ ಅಂದಿನ ಎಂಜಿನ್ ಸೋಲುತ್ತಿದ್ದುದರಿಂದ ಕೋಟೆಯ ಗೋಡೆಗಳೇ ಮಾಯವಾಗುತ್ತಿದ್ದವು. ಅದನ್ನು ಬಿಟ್ಟು ಪೆರ್ಲದ ಬಳಿಯ ಅಜ್ಜನ ಮನೆಯನ್ನು ಕಟ್ಟತೊಡಗಿದೆ.

ಡ್ರೊಮ್‌ಎಡ್‌ನಲ್ಲಿ ಲೋಕವೆಲ್ಲ ಮೊದಲು ಗಟ್ಟಿ ಕಲ್ಲು. ನಮ್ಮ ಕಡೆ ನೀರಿಗಾಗಿ ಗುಡ್ಡ ಕೊರೆದು ಸುರಂಗ ತೆಗೆಯುವಂತೆ, ಅದರೊಳಗೆ ಗಾಳಿಯನ್ನು ಕೊರೆದು ಚಾವಡಿ, ನಡುಕೋಣೆ, ಹಲಗೆ ಹಾಸಿದ ಅಟ್ಟ ಎಲ್ಲವನ್ನೂ ಮಾಡಿದೆ. ಕೆಟ್ಟದ್ದು ಆಮೇಲೆ. ಕೊರೆದ ಜಾಗಕ್ಕೆ ರೂಮ್ ಬ್ರಷ್ ಎಂಬ ಕಾಣದ ಪೆಟ್ಟಿಗೆಗಳನ್ನು ಹೊದಿಸಬೇಕು. ಆಟದಲ್ಲಿ ಸದ್ದು ಸಾಗುವುದು ಈ ಪೆಟ್ಟಿಗೆಗಳು ಒಂದನ್ನೊಂದು ಮುಟ್ಟುವ ಬಾಗಿಲುಗಳ ಮೂಲಕವೇ ಹೊರತು ಕಣ್ಣಿಗೆ ಕಾಣುವ ಗೋಡೆಯನ್ನು ನೋಡಿಕೊಂಡಲ್ಲ. ಕೋಣೆಗೊಂದರಂತೆ ಹಾಕಲು ಬೇಸರಪಟ್ಟು ನಾನು ಇಡೀ ಮನೆಗೆ ಒಂದೇ ದೊಡ್ಡ ಪೆಟ್ಟಿಗೆಯನ್ನು ಹೊದಿಸಿದೆ. ಅಂದರೆ, ಎಂಜಿನ್ನಿನ ಲೆಕ್ಕದಲ್ಲಿ ಅಟ್ಟ, ಚಾವಡಿ, ಅಡುಗೆಮನೆ ಎಲ್ಲವೂ ಒಂದೇ ಕೋಣೆ. ನಡುವೆ ಮೂರಡಿ ದಪ್ಪದ ಕಲ್ಲಿನ ಗೋಡೆಯಿದ್ದರೂ ಸದ್ದಿನ ಮಟ್ಟಿಗೆ ಅದು ಇಲ್ಲದಂತೆಯೇ. ಅಟ್ಟದ ಹಲಗೆಯ ಮೇಲೆ ಒಂದು ಹೆಜ್ಜೆಯಿಟ್ಟರೆ ಚಾವಡಿಯ ಕಾವಲುಗಾರ ಕತ್ತಿ ಹಿರಿಯುತ್ತಿದ್ದ.

ಅವನ ಕಿವಿಯೇ ಹೆಚ್ಚು ಚುರುಕೆಂದು ಭಾವಿಸಿ ಶ್ರವಣಶಕ್ತಿಯನ್ನು ಇಳಿಸಿದೆ. ಆಗ ಎದುರಿಗೇ ಓಡಿದರೂ ಅವನಿಗೆ ಕೇಳಿಸದಾಯಿತು. ಹಲಗೆಯ ಮೇಲೆ ರತ್ನಗಂಬಳಿ ಹಾಸಿದೆ. ಯಾವ ಅಜ್ಜನ ಮನೆಯ ಅಟ್ಟದಲ್ಲಿ ರತ್ನಗಂಬಳಿ ಇರುತ್ತದೆ? ಹೀಗೆ ಎಂಟು ತಿಂಗಳು ಕಳೆದವು. ಆಡಿ ನೋಡಲು ಒಪ್ಪಿದ್ದ ನನ್ನ ಭಾವ ಹನ್ನೊಂದನೆಯ ಬಾರಿ ಸಿಕ್ಕಿಬಿದ್ದು, “ಈ ಕಾವಲಿನವಂಗೆ ಗೋಡೆಯ ಲೆಕ್ಕವೇ ಇಲ್ಲೆನ್ನೆ ಭಾವ” ಎಂದು ಎದ್ದುಹೋದ. ಉತ್ತರ ಆ ಮಾತಿನಲ್ಲೇ ಇತ್ತು. ನನಗದು ಹೊಳೆದದ್ದು ಮರುವರ್ಷ, ಅಷ್ಟರಲ್ಲಿ ಅವನು ದುಬೈಗೆ ಹೋಗಿಯಾಗಿತ್ತು.

ಹಾಗಾಗಿ ಯಾವ ಉಪಕರಣ ಎಂಬ ನಿಮ್ಮ ಪ್ರಶ್ನೆಯೇ ನನಗೆ ಅಡ್ಡದಾರಿಯಾಗಿ ಕಾಣುತ್ತದೆ. 2012ರಲ್ಲಿ ಬಂದ ನ್ಯೂಡಾರ್ಕ್, ಅಂದರೆ ಥೀಫ್ ಎಂಜಿನ್ನಿನ ಸುಧಾರಿತ ಆವೃತ್ತಿ, ಹಳೆಯ ಮಿತಿಗಳನ್ನು ಬಹಳಷ್ಟು ಸಡಿಲಿಸಿದೆ. 2013ರಿಂದ ಡಾರ್ಕ್ ಮಾಡ್‌ಗೆ ಅದು ಮೊದಲು ಆತುಕೊಂಡಿದ್ದ ಡೂಮ್ 3 ಆಟ ಕೂಡ ಬೇಕಾಗಿಲ್ಲ. ಎರಡರಲ್ಲಿ ಯಾವುದಾದರೂ ಆದೀತು, ಕೋಟೆ ಮಾತ್ರ ಬೇಡ. ಬೇಕಲವೇ ಆಗಬೇಕೆಂದು ಹಟವಿದ್ದರೆ ಅದರ ಸಿಡಿಮದ್ದಿನ ಮನೆಯೊಂದನ್ನೇ ತೆಗೆದುಕೊಳ್ಳಿ: ಒಂದು ಬಾಗಿಲು, ಒಬ್ಬ ಕಾವಲುಗಾರ, ಡ್ರೊಮ್‌ಎಡ್ ಆದರೆ ಒಳಗೊಂದು ಹೊರಗೊಂದು ರೂಮ್ ಬ್ರಷ್. ಬಾಗಿಲು ಮುಚ್ಚಿ ಒಳಗೆ ಓಡಾಡಿ. ಅವನು ತಿರುಗಿ ನೋಡದಿದ್ದರೆ ಮೂರನೆಯ ಕೋಣೆಯನ್ನು ಕೊರೆಯಿರಿ.