ಕಡಲು ಕೇಳಿ: ಮೀನು ಎಣಿಸೋರು ಯಾರು, ಬೂತಾಯಿ ಹೋಗಿದ್ದೆಲ್ಲಿಗೆ

ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಚಾರ, ಮೀನು ನಿಜವಾಗ್ಲೂ ಕಮ್ಮಿ ಆಗಿದ್ಯಾ, ಆಗಿದ್ರೆ ಅದನ್ನ ಹೇಳೋರಿಗೆ ಗೊತ್ತಾಗೋದು ಹೇಗೆ ಅಂತ. ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ತಿಂಗಳಿಗೆ ಇಟ್ಕೊಂಡು ಇವನ್ನಷ್ಟೇ ತಗೊಂಡಿದೀನಿ.

ಪ್ರಶ್ನೆ: ಪೇಪರಲ್ಲಿ ಈ ವರ್ಷ ಇಷ್ಟು ಲಕ್ಷ ಟನ್ ಮೀನು ಅಂತ ಬರತ್ತೆ. ಸಮುದ್ರಕ್ಕಿಳಿದು ಯಾರು ಎಣಿಸ್ತಾರೆ ಸಾರ್? ಸುಮ್ನೆ ಅಂದಾಜಲ್ಲಿ ಬರೀತಾರಾ? (ಚಿತ್ರದುರ್ಗದ ಓದುಗರು)

ಸಮುದ್ರದೊಳಗಿರೋದನ್ನ ಯಾರೂ ಎಣಿಸಲ್ಲ, ದಡಕ್ಕೆ ಬಂದಿದ್ದನ್ನ ಎಣಿಸ್ತಾರೆ, ನೀವು ಓದಿದ ಲಕ್ಷ ಟನ್ ಅದೇ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಅಂತ ಇದೆ, ಸಿಎಂಎಫ್‌ಆರ್‌ಐ, 1947ರಲ್ಲಿ ಶುರುವಾಗಿದ್ದು, ಮುಖ್ಯ ಕಚೇರಿ ಕೊಚ್ಚೀಲಿ, ನಮ್ಮ ಕಡೆ ಮಂಗಳೂರು ಕಾರವಾರದಲ್ಲೂ ಅವರ ಕೇಂದ್ರ ಇದೆ. ಕರಾವಳೀನ ಭಾಗ ಭಾಗ ಮಾಡ್ಕೊಂಡು, ತಿಂಗಳಲ್ಲಿ ಕೆಲವು ದಿನ ಆರಿಸ್ಕೊಂಡು ಅವರ ಜನ ದಕ್ಕೆಗೆ, ಅಂದ್ರೆ ಬೋಟು ಬಂದು ಮೀನು ಇಳಿಸೋ ಜಾಗಕ್ಕೆ, ಹೋಗ್ತಾರೆ, ಬಂದ ಬೋಟಲ್ಲಿ ಕೆಲವನ್ನ ಆರಿಸಿ ಎಷ್ಟು ಮೀನು, ಯಾವ ಯಾವ ಜಾತಿ, ಯಾವ ಬಲೆ, ಎಷ್ಟು ಹೊತ್ತು ಬಲೆ ಬಿಟ್ಟಿದ್ರು ಅಂತ ಬರ್ಕೋತಾರೆ, ಆಮೇಲೆ ಅದನ್ನ ಇಡೀ ತಿಂಗಳಿಗೆ ಇಡೀ ಜಿಲ್ಲೆಗೆ ಲೆಕ್ಕ ಹಾಕ್ತಾರೆ. ಅಂದಾಜು ಹೌದು, ಆದ್ರೆ ಬಾಯಿಗೆ ಬಂದ ಅಂದಾಜಲ್ಲ, ಎಷ್ಟು ಹೆಚ್ಚುಕಮ್ಮಿ ಇರಬಹುದು ಅನ್ನೋದಕ್ಕೂ ಒಂದು ಲೆಕ್ಕ ಇರತ್ತೆ.

ಆದ್ರೆ ಟನ್ ಒಂದೇ ನೋಡಿದ್ರೆ ಏನೂ ಗೊತ್ತಾಗಲ್ಲ, ಇದನ್ನ ನಾನು ಎಷ್ಟು ಸಲ ಹೇಳಿದ್ರೂ ಕಮ್ಮೀನೇ. ಹಿಂದೆ ಬೆಳಿಗ್ಗೆ ಹೋಗಿ ಸಾಯಂಕಾಲ ಬರ್ತಿದ್ದ ಬೋಟು ಈಗ ವಾರಗಟ್ಟಲೆ ಹೊರಗಿರತ್ತೆ, ಇಂಜಿನ್ ದೊಡ್ಡದು, ಜಿಪಿಎಸ್ ಇದೆ, ಮೀನಿನ ಗುಂಪು ಎಲ್ಲಿದೆ ಅಂತ ತೋರ್ಸೋ ಮೆಷಿನ್ ಇದೆ. ಇಷ್ಟೆಲ್ಲಾ ಹೆಚ್ಚಾದ್ಮೇಲೆ ಹಿಡಿದ ಮೀನು ಅಷ್ಟೇ ಇದೆ ಅಂದ್ರೆ ಒಳಗೆ ಕಮ್ಮಿ ಆಗಿದೆ ಅಂತಾನೇ ಅರ್ಥ. ಅದಕ್ಕೇ ಒಂದು ಗಂಟೆ ಬಲೆ ಎಳೆದ್ರೆ ಎಷ್ಟು ಕೆಜಿ ಅನ್ನೋ ಲೆಕ್ಕ ನೋಡೋದು. ಅದೂ ಬೂತಾಯಿ (ಸಾರ್ಡಿನ್) ಬಂಗುಡೆ (ಮ್ಯಾಕರೆಲ್) ವಿಚಾರಕ್ಕೆ ಬಂದ್ರೆ ಮೋಸ ಮಾಡತ್ತೆ, ಯಾಕಂದ್ರೆ ಇವು ಗುಂಪಲ್ಲೇ ಓಡಾಡೋ ಮೀನು, ಹತ್ತು ಗುಂಪು ಇದ್ದಿದ್ದು ಎರಡಾದ್ರೂ ಪರ್ಸಿನ್ ಬೋಟಿನವರು ಆ ಎರಡನ್ನೂ ಹುಡುಕಿ ಬಲೆ ಸುತ್ತಿ ತುಂಬ್ಕೊಂಡು ಬರ್ತಾರೆ, ದಕ್ಕೇಲಿ ನೋಡಿದೋರಿಗೆ ಮೀನು ಬೇಕಾದಷ್ಟಿದೆ ಅನ್ಸತ್ತೆ, ಮುಂದಿನ ವರ್ಷ ಒಂದೇ ಸಲಕ್ಕೆ ಖಾಲಿ.

ಇದರ ಜೊತೆಗೆ ಮಾಡೋ ಇನ್ನೊಂದು ಕೆಲಸ ಅಂದ್ರೆ ಉದ್ದ ಅಳೆಯೋದು, ನನ್ನ ಕೇಳಿದ್ರೆ ಅದೇ ಮುಖ್ಯ. ಬುಟ್ಟಿಯಿಂದ ಆರಿಸ್ದೆ ಸಿಕ್ಕಿದ್ದನ್ನ ತಗೊಂಡು, ಸ್ಕೇಲ್ ಇರೋ ಹಲಗೆ ಮೇಲೆ ಮಲಗಿಸಿ ಮೂತಿಯಿಂದ ಬಾಲದ ತುದಿವರೆಗೆ ಅಳೆದು ಬರ್ಕೋತಾರೆ, ಆಮೇಲೆ ಹೊಟ್ಟೆ ಸೀಳಿ ಗಂಡಾ ಹೆಣ್ಣಾ, ಮೊಟ್ಟೆ ಚೀಲ ಎಳೆಯದಾ ಬಲಿತಿದ್ಯಾ ಇಲ್ಲಾ ಆಗ್ಲೇ ಮೊಟ್ಟೆ ಬಿಟ್ಟು ಜೋಲು ಬಿದ್ದಿದ್ಯಾ ಅಂತ ನೋಡ್ತಾರೆ. ಚಳಿ ದೇಶದ ಮೀನಿಗೆ ತಲೆಯೊಳಗೆ ಕಿವಿ ಹತ್ರ ಇರೋ ಸಣ್ಣ ಕಲ್ಲಿನಂಥ ಮೂಳೇಲಿ ವರ್ಷಕ್ಕೊಂದು ಗೆರೆ ಚೆನ್ನಾಗಿ ಮೂಡತ್ತೆ, ನಮ್ಮ ನೀರು ವರ್ಷಪೂರ್ತಿ ಬೆಚ್ಚಗೇ ಇರೋದ್ರಿಂದ ವರ್ಷದ ಗೆರೆ ಅಷ್ಟು ಸ್ಪಷ್ಟ ಇರಲ್ಲ, ಹಾಗಾಗಿ ಇಲ್ಲಿ ತಿಂಗಳು ತಿಂಗಳು ಉದ್ದ ಅಳೆದು, ಸೆಪ್ಟೆಂಬರಲ್ಲಿ ಬೆರಳುದ್ದ ಇದ್ದ ಗುಂಪು ಜನವರಿಗೆ ಎಷ್ಟಾಯ್ತು ಮಾರ್ಚಿಗೆ ಎಷ್ಟಾಯ್ತು ಅಂತ ಬೆನ್ನು ಹತ್ತೋದೇ ದಾರಿ. ಎಷ್ಟು ಬೇಗ ಬೆಳೆಯತ್ತೆ, ಎಷ್ಟು ಸಾಯತ್ತೆ, ಎಷ್ಟು ಹಿಡಿದ್ರೆ ತಡ್ಕೊಳತ್ತೆ ಅನ್ನೋದೆಲ್ಲ ಬರೋದು ಈ ಅಳತೆಯಿಂದ. ವಾಸನೆ, ಬಿಸಿಲು, ಗಲಾಟೆ ಮಧ್ಯೆ ನಿಂತು ಮಾಡೋ ಕೆಲಸ, ಹರಾಜು ಕೂಗೋರು ಬೇಗ ಬೇಗ ಅಂತಿರ್ತಾರೆ, ಆ ಕೆಲಸ ಮಾಡೋರ ಬಗ್ಗೆ ನಂಗೆ ತುಂಬಾ ಗೌರವ ಇದೆ.

ಪ್ರಶ್ನೆ: ನಮ್ಮ ಮನೇಲಿ ಬೂತಾಯಿ ಇಲ್ದೆ ಊಟ ಇಲ್ಲ. ಕೆಲವು ವರ್ಷ ರಾಶಿ ರಾಶಿ ಬಂದು ಗೊಬ್ಬರಕ್ಕೆ ಹೋಗತ್ತೆ, ಕೆಲವು ವರ್ಷ ಕಣ್ಣಿಗೂ ಕಾಣಲ್ಲ. ಪರ್ಸಿನಿನವರೇ ಖಾಲಿ ಮಾಡಿದ್ದು ಅಂತ ನಮ್ಮಪ್ಪ, ಮಳೆ ಸರಿ ಇಲ್ಲ ಅಂತ ನಮ್ಮ ಮಾವ. ಯಾರು ಸರಿ? (ಉಡುಪಿ ಜಿಲ್ಲೆಯ ಓದುಗರು)

ಇಬ್ರೂ ಸರಿ, ಇಬ್ರನ್ನೂ ಒಟ್ಟಿಗೆ ಕೂರಿಸಿ ಕೇಳಬೇಕು.

ಮಾವನಿಂದ ಶುರು ಮಾಡ್ತೀನಿ. ಕುಂದಾಪುರದವರು ಬೈಗೆ, ಕುಮಟಾ ಕಾರವಾರದ ಕಡೆ ತಾರ್ಲೆ ಅನ್ನೋ ಈ ಮೀನಿನ ಬದುಕು ಪೂರ್ತಿ ಮಳೆಗಾಲದ ಮೇಲೆ ನಿಂತಿದೆ. ಜೂನಿಂದ ಸೆಪ್ಟೆಂಬರ್ ತನಕ ಗಾಳಿ ಮೇಲಿನ ನೀರನ್ನ ದಡದಿಂದ ಆಚೆ ತಳ್ಳತ್ತೆ, ಆ ಜಾಗಕ್ಕೆ ಕೆಳಗಿಂದ ತಣ್ಣಗಿರೋ ನೀರು ಏಳತ್ತೆ, ಅದ್ರಲ್ಲಿ ಪೋಷಕಾಂಶ ತುಂಬಿರತ್ತೆ, ಕಣ್ಣಿಗೆ ಕಾಣದ ಪಾಚಿ ಒಂದೇ ಸಲ ಹುಲುಸಾಗಿ ಬೆಳೆಯತ್ತೆ, ಬೂತಾಯಿ ತಿನ್ನೋದು ಮುಖ್ಯವಾಗಿ ಅದನ್ನೇ, ಮೊಟ್ಟೆ ಇಡೋದೂ ಆಗ್ಲೇ. ಕೇರಳದಿಂದ ನಮ್ಮ ತನಕ ಈ ಇಡೀ ಪಟ್ಟಿ ಒಂದೇ ಅಡುಗೆಮನೆ ಇದ್ದ ಹಾಗೆ. ಗಾಳಿ ಹೆಚ್ಚುಕಮ್ಮಿ ಆಯ್ತು, ನೀರು ಬಿಸಿ ಆಯ್ತು ಅಂದ್ರೆ ಮೀನು ಸರಿಯಾಗಿ ತಿನ್ನಲ್ಲ, ಬಲಿಯಲ್ಲ, ಮರಿ ಉಳಿಯಲ್ಲ. ಇದರ ಆಯಸ್ಸೇ ಎರಡು ಎರಡೂವರೆ ವರ್ಷ, ಹುಟ್ಟಿ ಒಂದು ವರ್ಷಕ್ಕೆ ಸುಮಾರು 15 ಸೆಂಟಿಮೀಟರ್ ಆಗಿ ಮೊಟ್ಟೆ ಇಡಕ್ಕೆ ಶುರು ಮಾಡತ್ತೆ, ಹಾಗಾಗಿ ಎರಡು ಮಳೆಗಾಲ ಕೈಕೊಟ್ರೆ ಸಾಕು, ಮುಂದಕ್ಕೆ ಮರಿ ಹಾಕೋ ಮೀನೇ ಇರಲ್ಲ. 2015ರ ಎಲ್ ನಿನೊ, ಅಂದ್ರೆ ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮ ಕಡೆ ಮಳೆ ಗಾಳಿನೂ ಏರುಪೇರಾಗೋ ಟೈಮಲ್ಲಿ ಆಗಿದ್ದು ಇದೇ.

ಈಗ ಅಪ್ಪನ ಮಾತು. 2012ರಲ್ಲಿ ಕೇರಳ ಒಂದ್ರಲ್ಲೇ ಬೂತಾಯಿ 3.9 ಲಕ್ಷ ಟನ್ ಬಂದಿತ್ತು, 2021ರಲ್ಲಿ 3,297 ಟನ್. ಸೊನ್ನೆ ಬಿಟ್ಟು ಬರೆದಿಲ್ಲ, ಅಷ್ಟೇ ಬಂದಿದ್ದು. ಬರೀ ಹವಾಮಾನದಿಂದ ಇಷ್ಟು ಬೀಳಲ್ಲ, ಒಳ್ಳೇ ವರ್ಷಗಳಲ್ಲಿ ದೊಡ್ಡದು ಮರಿ ಅಂತ ನೋಡ್ದೆ ಎಲ್ಲ ಬಾಚಿದ್ದಕ್ಕೆ ಕೆಟ್ಟ ವರ್ಷ ಬಂದಾಗ ತಡ್ಕೊಳಕ್ಕೆ ಒಳಗೆ ದಾಸ್ತಾನೇ ಇರಲಿಲ್ಲ. ನಮ್ಮ ಕರಾವಳೀಲಿ ಫಿಶ್‌ಮೀಲ್ (ಮೀನಿನ ಪುಡಿ) ಫ್ಯಾಕ್ಟರಿಗಳು ಸಾಕಷ್ಟಿವೆ, ಅಲ್ಲಿಗೆ ಮರಿ ಮೀನೂ ಮಾರಾಟ ಆಗತ್ತೆ ಅಂತಾದ್ರೆ ಸಮುದ್ರಕ್ಕೆ ವಾಪಸ್ ಯಾರು ಬಿಡ್ತಾರೆ ಹೇಳಿ. ಆಮೇಲೆ 2023ರಷ್ಟೊತ್ತಿಗೆ ಕೇರಳದಲ್ಲಿ ಮತ್ತೆ ಲಕ್ಷ ಟನ್ ದಾಟ್ತು, ಅಂದ್ರೆ ಅವಕಾಶ ಕೊಟ್ರೆ ಎದ್ದು ಬರೋ ಮೀನು ಇದು, ಹಾಗಂತ ಎಷ್ಟು ಬೇಕಾದ್ರೂ ಬಾಚಬಹುದು ಅಂತಲ್ಲ.

ಇದೇನು ಹೊಸ ಕಥೆ ಅಲ್ಲ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ್ಲೇ, 1920ರ ದಶಕದಲ್ಲಿ, ಜೇಮ್ಸ್ ಹಾರ್ನೆಲ್ ಅನ್ನೋ ಅಧಿಕಾರಿ ಈ ಮೀನಿನ ಜೀವನಚಕ್ರದ ಬಗ್ಗೆ ಬರೆದಿದ್ರು, 1940ರ ದಶಕದಲ್ಲಿ ಮೀನು ಬಿದ್ದೋದಾಗ ಮದ್ರಾಸ್ ಸರ್ಕಾರ ಮರಿ ಹಿಡಿಯೋದಕ್ಕೆ ಕಡಿವಾಣ ಹಾಕಕ್ಕೂ ನೋಡಿತ್ತು. ಅಷ್ಟು ಹಳೇ ಪಾಠ ಇಟ್ಕೊಂಡು ನಾವು ಇನ್ನೂ ಅದೇ ಜಗಳ ಆಡ್ತಿದೀವಲ್ಲ ಅನ್ನೋದೇ ನಂಗೆ ಬೇಜಾರು.

ಪ್ರಶ್ನೆ: ನಮ್ಮದು ಅಘನಾಶಿನಿ ಹೊಳೆ ದಂಡೆ. ಅಮ್ಮ ಈಗ್ಲೂ ಇಳಿತ ನೋಡ್ಕೊಂಡು ಬಳಚು (ಚಿಪ್ಪುಮೀನು) ಹೆಕ್ಕಕ್ಕೆ ಹೋಗ್ತಾರೆ. ಶರಾವತೀಲಿ ಮೊದಲಿನ ಹಾಗೆ ಬಳಚು ಇಲ್ಲ ಅಂತ ಹೊನ್ನಾವರದ ನೆಂಟರು ಹೇಳ್ತಾರೆ, ಹೊಳೆ ಎರಡೂ ಹತ್ರ ಹತ್ರಾನೇ ಇದೆ, ಹೀಗ್ಯಾಕೆ? (ಕುಮಟಾ ತಾಲೂಕಿನ ಓದುಗರು)

ಬಹಳ ಒಳ್ಳೇ ಪ್ರಶ್ನೆ ತಂಗಿ, ಇದಕ್ಕೆ ಉತ್ತರ ಉಪ್ಪು.

ಬಳಚಲ್ಲಿ ಒಂದೇ ಜಾತಿ ಇಲ್ಲ ಅಂತ ನಿಮ್ಮಮ್ಮಂಗೆ ನನಗಿಂತ ಚೆನ್ನಾಗಿ ಗೊತ್ತಿರತ್ತೆ. ಹೊಳೆ ಸಮುದ್ರ ಸೇರೋ ಅಳಿವೆ ಬಾಯಿ ಹತ್ರ ಉಪ್ಪು ಜಾಸ್ತಿ ಕೇಳೋ ಜಾತಿ, ನಡುವೆ ಇನ್ನೊಂದು, ಮೇಲೆ ಸಿಹಿನೀರು ಸೇರೋ ಕಡೆ ಕಪ್ಪು ಚಿಪ್ಪಿಂದು ಮತ್ತೊಂದು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಹರಿದು ಉಪ್ಪೆಲ್ಲ ತೊಳೆದೋಗತ್ತೆ, ಮಳೆ ನಿಂತ್ಮೇಲೆ ಉಬ್ಬರ ದಿನ ದಿನ ಸ್ವಲ್ಪ ಸ್ವಲ್ಪ ಉಪ್ಪನ್ನ ಒಳಗೆ ತರತ್ತೆ, ಬೇಸಿಗೆಗೆ ಬಹಳ ಮೇಲಿನ ತನಕ ಉಪ್ಪಾಗತ್ತೆ. ಈ ಏರಿಳಿತಕ್ಕೆ ಹೊಂದ್ಕೊಂಡು ಒಂದೊಂದು ಜಾತಿ ಒಂದೊಂದು ಜಾಗ ಹಿಡ್ಕೊಂಡಿದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ, ಹಾಗಾಗಿ ಈ ಲೆಕ್ಕ ತಪ್ಪಿಲ್ಲ. ಶರಾವತೀಲಿ ಲಿಂಗನಮಕ್ಕಿ ಅಣೆಕಟ್ಟು ಇದೆ, ಕರೆಂಟ್ ತೆಗೆಯಕ್ಕೆ ವರ್ಷಪೂರ್ತಿ ನೀರು ಬಿಡ್ತಾರೆ, ಬೇಸಿಗೇಲೂ ಸಿಹಿನೀರು ಬರ್ತಾನೇ ಇರತ್ತೆ, ಉಪ್ಪು ಬೇಕಾದ ಜಾತಿಗೆ ಅಲ್ಲಿ ಬದುಕೇ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಎರಡೂ ಅಳಿವೆಗಳನ್ನ ಹೋಲಿಸಿ ನೋಡಿದಾರೆ, ಬಳಚಷ್ಟೇ ಅಲ್ಲ, ಮೀನಿನ ಜಾತೀನೂ ಅಘನಾಶಿನೀಲೇ ಹೆಚ್ಚು. ನಾವು ಮಾಲಿನ್ಯ, ಬಲೆ ಅಂತ ಎಲ್ಲ ಯೋಚ್ನೆ ಮಾಡ್ತೀವಿ, ಶುದ್ಧವಾದ ಸಿಹಿನೀರೇ ತಪ್ಪು ಕಾಲಕ್ಕೆ ಬಂದ್ರೆ ಒಂದು ಜಾತಿ ಹೋಗತ್ತೆ ಅನ್ನೋದು ಎಷ್ಟೋ ಜನಕ್ಕೆ ಹೊಳೆಯಲ್ಲ.

ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸರ್ ಮಾನ್ಯತೆ, ಅಂದ್ರೆ ಜಗತ್ತಿನ ಮಹತ್ವದ ಜೌಗು ಪ್ರದೇಶ ಅನ್ನೋ ಗುರುತು, ಸಿಕ್ತು, ಖುಷಿ ವಿಚಾರ, ಆದ್ರೆ ಬೋರ್ಡ್ ಹಾಕಿದ್ರೆ ಬಳಚು ಹೆಚ್ಚಾಗಲ್ಲ. ಕೇರಳದ ಅಷ್ಟಮುಡಿ ಕಾಯಲಲ್ಲಿ (ಹಿನ್ನೀರಲ್ಲಿ) ಏನು ಮಾಡಿದ್ರು ಕೇಳಿ. ಅಲ್ಲಿ ಚಿಪ್ಪು ಕಮ್ಮಿ ಆಗ್ತಾ ಬಂದಾಗ 1993ರಿಂದ, ಮೊಟ್ಟೆ ಬಿಡೋ ಕಾಲ ಅಂತ ಡಿಸೆಂಬರಿಂದ ಫೆಬ್ರವರಿ ತನಕ ಹೆಕ್ಕೋದನ್ನ ನಿಲ್ಲಿಸಿದ್ರು, ಮರಿ ಜಾರಿ ಹೋಗೋ ಹಾಗೆ ಬಲೆ ಕಣ್ಣು ದೊಡ್ಡದು ಮಾಡಿದ್ರು. ವಿಜ್ಞಾನಿಗಳೂ ಹೆಕ್ಕೋರೂ ಒಟ್ಟಿಗೆ ಕೂತು ಮಾಡ್ಕೊಂಡ ಕಟ್ಟುಪಾಡು ಅದು, 2014ರಲ್ಲಿ ಅದಕ್ಕೆ, ಮುಂದಕ್ಕೂ ಉಳಿಯೋ ಹಾಗೆ ಹಿಡಿಯೋರಿಗೆ ಕೊಡೋ ಎಂಎಸ್‌ಸಿ ಅನ್ನೋ ಅಂತರರಾಷ್ಟ್ರೀಯ ಸರ್ಟಿಫಿಕೇಟ್ ಸಿಕ್ತು, ಭಾರತದಲ್ಲಿ ಮೊದಲನೇದು. ನಿಮ್ಮೂರಲ್ಲೂ ಶುರು ಮಾಡೋದು ಕಷ್ಟ ಏನಿಲ್ಲ, ಒಂದು ಮೀಟರ್ ಚೌಕದ ಕಟ್ಟಿಗೆ ಚೌಕಟ್ಟು ಇಟ್ಟು ಅದರೊಳಗಿನ ಮಣ್ಣು ತೆಗೆದು ಜರಡಿ ಹಿಡಿದು ಎಣಿಸಿ, ದೊಡ್ಡದೆಷ್ಟು ಮರಿ ಎಷ್ಟು ಅಂತ ಅಳೆದು ಒಂದು ನೋಟ್‌ಬುಕ್ಕಲ್ಲಿ ಬರೀರಿ, ಅದೇ ಜಾಗ, ತಿಂಗಳಿಗೊಂದು ಸಲ. ಎಣಿಸಿದ್ಮೇಲೆ ಮರಿಗಳನ್ನ ಅಲ್ಲೇ ಬಿಡಿ. ಎರಡು ಮೂರು ವರ್ಷದ ಆ ನೋಟ್‌ಬುಕ್ ಇದ್ರೆ ಯಾವ ಅಧಿಕಾರಿ ಎದುರಿಗೂ ನಿಮ್ಮಮ್ಮ ಧೈರ್ಯವಾಗಿ ಮಾತಾಡಬಹುದು.

ಪ್ರಶ್ನೆ: ಕಡಲಾಮೆ ಕಮ್ಮಿ ಆಗಿದೆ ಅಂತಾರೆ, ಆಮೆ ಇರೋದು ನೀರೊಳಗೆ, ಹೇಗೆ ಗೊತ್ತು? (ಶಿವಮೊಗ್ಗದ ಹೈಸ್ಕೂಲ್ ವಿದ್ಯಾರ್ಥಿ)

ಆಮೆ ಎಣಿಸಲ್ಲ ಮರಿ, ಗೂಡು ಎಣಿಸ್ತಾರೆ. ಹೆಣ್ಣು ಮಾತ್ರ ರಾತ್ರಿ ದಡಕ್ಕೆ ಬಂದು ಮರಳು ತೋಡಿ ಸುಮಾರು ನೂರು ಮೊಟ್ಟೆ ಇಟ್ಟು ಹೋಗತ್ತೆ, ಗಂಡು ಹುಟ್ಟಿ ನೀರಿಗಿಳಿದ್ಮೇಲೆ ದಡದ ಕಡೆ ಬರೋದೇ ಅಪರೂಪ, ಹಾಗಾಗಿ ಗಂಡಿನ ಲೆಕ್ಕ ಹೆಚ್ಚುಕಮ್ಮಿ ಸಿಗೋದೇ ಇಲ್ಲ. ಒಂದೇ ಆಮೆ ಒಂದು ಸೀಸನಲ್ಲಿ ಎರಡು ಸಲ ಇಡಬಹುದು, ಅದನ್ನೂ ಕಳೀಬೇಕು. ಒಡಿಶಾದ ಗಹಿರಮಠ, ಋಷಿಕುಲ್ಯದಲ್ಲಿ ಲಕ್ಷಗಟ್ಟಲೆ ಒಟ್ಟಿಗೆ ಬರ್ತವೆ, ನಮ್ಮ ಹೊನ್ನಾವರ ಕುಂದಾಪುರದ ಕಡೆ ಒಂದೊಂದಾಗಿ ಬರೋದು. ಇನ್ನೊಂದು ವಿಷಯ ಗೊತ್ತಾ, ಮರಿ ಗಂಡಾಗತ್ತೋ ಹೆಣ್ಣಾಗತ್ತೋ ಅನ್ನೋದು ಮರಳಿನ ಬಿಸಿ ಮೇಲಿದೆ, ಬಿಸಿ ಹೆಚ್ಚಾದ್ರೆ ಹೆಣ್ಣೇ ಹೆಚ್ಚು. ಬೀಚ್ ಬಿಸಿಯಾಗ್ತಾ ಹೋದ್ರೆ ಮುಂದೆ ಏನಾಗತ್ತೆ ನೀನೇ ಯೋಚ್ನೆ ಮಾಡು, ಬರೆದು ಕಳ್ಸು.

ಪ್ರಶ್ನೆ: ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಹೋಗಿದ್ವಿ, ಬಣ್ಣ ಬಣ್ಣದ ಮೀನು ನೋಡಿ ತಲೆ ತಿರುಗ್ತು. ಅಲ್ಲಿ ಎಷ್ಟು ಜಾತಿ ಅಂತ ಹೇಗೆ ಲೆಕ್ಕ ಹಾಕ್ತಾರೆ? (ಹುಬ್ಬಳ್ಳಿಯ ಓದುಗರು)

ಇಲ್ಲಿ ಮಾತ್ರ ನಿಜವಾಗ್ಲೂ ನೀರಿಗಿಳಿದೇ ಎಣಿಸೋದು. ಬಂಡೆ ಮೇಲೆ ಟೇಪ್ ಹಾಸಿ, ಅದರ ಎರಡೂ ಕಡೆ ಇಷ್ಟು ಅಗಲ ಅಂತ ಗೊತ್ತು ಮಾಡ್ಕೊಂಡು, ನಿಧಾನಕ್ಕೆ ಈಜ್ತಾ ಕಂಡ ಮೀನನ್ನ ಪ್ಲಾಸ್ಟಿಕ್ ಹಲಗೆ ಮೇಲೆ ಪೆನ್ಸಿಲಲ್ಲಿ ಗುರುತು ಹಾಕ್ತಾರೆ. ಮಳೆಗಾಲದಲ್ಲಿ ನೀರು ಕಲಕಿ ಕೈ ಕೂಡ ಕಾಣಲ್ಲ, ಅದಕ್ಕೇ ಕೆಲಸ ನಡೆಯೋದು ಮಳೆಗಾಲ ಮುಗಿದ್ಮೇಲೆ ಮಾತ್ರ. ಮುಂದಿನ ಸಲ ಹೋದಾಗ ನೀರೊಳಗಷ್ಟೇ ಅಲ್ಲ ಮೇಲೂ ನೋಡಿ, ಆ ದ್ವೀಪದ ಮರಗಳ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟತ್ತೆ, 1870ರ ದಶಕದಲ್ಲಿ ಹ್ಯೂಮ್ ಅನ್ನೋ ಪಕ್ಷಿತಜ್ಞರು ಅಲ್ಲಿ ಬಹಳ ಗೂಡು ಅಂತ ಬರೆದಿಟ್ಟಿದ್ರು, ಇತ್ತೀಚಿನ ಎಣಿಕೆಯಲ್ಲಿ ಅಷ್ಟು ಸಿಕ್ಕಿಲ್ಲ. ಅವತ್ತು ಅವರು ಬರೆದಿಡದೇ ಇದ್ದಿದ್ರೆ ಇವತ್ತು ಇರೋದನ್ನೇ ಬೇಕಾದಷ್ಟಿದೆ ಅಂದ್ಕೋತಿದ್ವಿ.

ಪ್ರಶ್ನೆ: ನಾವು ಬೆಂಗಳೂರಲ್ಲಿ ಮೀನು ತಗೊಳೋರು, ನಮ್ಮಿಂದ ಏನಾಗತ್ತೆ? (ಬೆಂಗಳೂರಿನ ಓದುಗರು)

ಆಗತ್ತೆ. ಕೇರಳದಲ್ಲಿ ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರಿಗಿಂತ ಸಣ್ಣದು ಹಿಡಿಯೋ ಹಾಗಿಲ್ಲ ಅಂತ ಕಾನೂನಿದೆ, ಮೊಟ್ಟೆ ಇಡೋ ಸೈಜ್ ಇನ್ನೂ ದೊಡ್ಡದು ಆದ್ರೂ ಅಷ್ಟಾದ್ರೂ ಇದೆ. ಅಂಗಡೀಲಿ ನಿಮ್ಮ ಕೈ ಇಟ್ಟು ನೋಡಿ, ಬಂಗುಡೆ ಮಣಿಕಟ್ಟಿಂದ ಬೆರಳ ತುದಿ ತನಕ ಬರಲ್ಲ ಅಂದ್ರೆ ಅದು ಮರಿ, ಬೇಡ ಅನ್ನಿ, ಯಾಕೆ ಬೇಡ ಅಂತಾನೂ ಹೇಳಿ, ಹತ್ತು ಗಿರಾಕಿ ಹೀಗಂದ್ರೆ ಅಂಗಡಿಯವರು ದಕ್ಕೇಲಿ ಅದೇ ಮಾತು ಹೇಳ್ತಾರೆ. ಜೂನ್ ಜುಲೈ ನಮ್ಮಲ್ಲಿ ಯಾಂತ್ರಿಕ ಬೋಟು ನಿಷೇಧ, ಆ ಎರಡು ತಿಂಗಳು ತಾಜಾ ಅಂಜಲ್ಲೇ ಬೇಕು ಅಂತ ಹಠ ಮಾಡ್ಬೇಡಿ, ನಾಡದೋಣಿಯವರು ತಂದಿದ್ದು ಸಿಕ್ರೆ ತಗೊಳ್ಳಿ, ಇಲ್ಲಾಂದ್ರೆ ಒಣಮೀನು ಚಟ್ನಿ ಮಾಡ್ಕೊಳ್ಳಿ, ಮಳೆಗೆ ಅದರಷ್ಟು ರುಚಿ ಬೇರೆ ಯಾವುದೂ ಇಲ್ಲ.